ಎಡಗಡೆಯ ಮುಂದಿನ ಗಾಲಿ

ಅಣ್ಣ ಹೊಸ ಕಾರು ತಗೊಂಡಾಗ ಹಳೆಯದನ್ನು ನನಗೇ ಮಾರಿದ. ಹೊರಗಿನವರು ಕೇಳಿದ್ದರಂತೆ, ಅವರಿಗೆ ಒಲ್ಲೆ ಅಂದನಂತೆ. "ದಿನಾ ಬಸ್ಸಿಗೆ ಕಾದು ಸಾಯಾಕತ್ತಿ. ನನ್ನ ಕೈಯಾಗಿನ ಗಾಡಿ, ಕಣ್ಣ ಮುಚ್ಚಿ ತಗೋ" ಅಂದ. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಮನೆ ವಿಜಯಪುರದಲ್ಲಿ. ಅಪ್ಪ ತೀರಿಕೊಂಡ ಮೇಲೆ ನನ್ನ ಓದು, ಮದುವೆ, ಕೊನೆಗೆ ಮನೆ ಕಟ್ಟುವಾಗ ಬೋರು ಎಲ್ಲಿ ಹಾಕಿಸಬೇಕು ಅನ್ನುವುದು ಕೂಡ ಅಣ್ಣನ ಮಾತಿನ ಮೇಲೆಯೇ ನಡೆದದ್ದು. ಅವನು ಹೇಳಿದ ಮೇಲೆ ಇನ್ನೊಬ್ಬರನ್ನು ಕೇಳುವ ರೂಢಿ ನನಗಿರಲಿಲ್ಲ. "ಒಮ್ಮೆ ಮೆಕ್ಯಾನಿಕ್‌ಗೆ ತೋರಿಸೋಣು" ಎಂದು ಗಂಡ ಅಂದಾಗ ನನಗೆ ಸಿಟ್ಟು ಬಂದಿತ್ತು. ಒಡಹುಟ್ಟಿದವನ ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸಿ ತಗೊಳ್ಳುವುದೇ?

ಗಾಡಿ ಬಂದು ಸ್ವಲ್ಪ ದಿನಕ್ಕೆ ಎಡಗಡೆಯ ಮುಂದಿನ ಗಾಲಿ ಕುಗ್ಗತೊಡಗಿತು. ಒಮ್ಮೆಲೇ ಅಲ್ಲ. ಹವಾ ಹೊಡೆಸಿಕೊಂಡು ಬಂದರೆ ಎರಡು ದಿನ ಚೆನ್ನಾಗಿರುವುದು, ಆಮೇಲೆ ಬೆಳಿಗ್ಗೆ ಗೇಟು ತೆಗೆದಾಗ ಗಾಡಿ ಒಂದು ಕಡೆ ವಾಲಿ ನಿಂತಿರುವುದು. ಮನೆ ಹತ್ತಿರದ ಪಂಚರ್ ಅಂಗಡಿಯವನು ಟಾಯರ್ ಮೇಲೆ ಸೋಪಿನ ನೀರು ಹಾಕಿ ನೋಡಿ, ಮೊಳೆ ಗಿಳೆ ಏನೂ ಇಲ್ಲ ಅಂದ. ಅಣ್ಣನಿಗೆ ಫೋನ್ ಮಾಡಿದೆ.

"ನೀ ಗಾಡಿ ಹೊಡಿಯೋದ ಸರಿ ಇಲ್ಲ ತಂಗಿ," ಅಂದ. "ಕಲ್ಲು ತೆಗ್ಗು ನೋಡಲಾರದ ಹೊಡಿತಿ. ಎಡಗಡಿ ಎಷ್ಟ ಜಾಗ ಐತಿ ಅನ್ನೋದು ನಿನಗ ಇನ್ನೂ ಗೊತ್ತಾಗವಲ್ದು. ನನ್ನ ಕೈಯಾಗ ಇದ್ದಾಗ ಒಮ್ಮೆನೂ ಹಿಂಗ ಆಗಿಲ್ಲ."

ನಾನು ನಂಬಿದೆ. ಡ್ರೈವಿಂಗ್ ಕಲಿತು ಬಹಳ ದಿನ ಆಗಿರಲಿಲ್ಲ, ನಂಬುವುದು ಸುಲಭವಿತ್ತು. ಅಂದಿನಿಂದ ರಸ್ತೆಯ ಮೇಲೆ ತೆಗ್ಗು ಕಂಡರೆ ಬೆಚ್ಚಿ ಬ್ರೇಕ್ ಒತ್ತುತ್ತಿದ್ದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಪಕ್ಕಕ್ಕೆ ಇಳಿಯಲಾರದೆ ನಡುರಸ್ತೆಯಲ್ಲೇ ನಿಲ್ಲಿಸಿ ಬೈಸಿಕೊಳ್ಳುತ್ತಿದ್ದೆ. ನನ್ನ ಜೊತೆ ಕಾರಿನಲ್ಲಿ ಬರುತ್ತಿದ್ದ ಕನ್ನಡ ಟೀಚರು ಒಂದು ದಿನ, "ನೀವು ಆರಾಮ ಬರ್ರಿ, ನಾ ಬಸ್ಸಿಗೇ ಹೋಗ್ತೀನಿ" ಎಂದು ನಕ್ಕು ಹೇಳಿದರು. ಆ ನಗೆ ನನಗೆ ನಾಟಿತು. ಮನೆಗೆ ಬಂದು ಅಣ್ಣನಿಗೇ ಫೋನ್ ಮಾಡಿ, "ನಿನ್ನ ಗಾಡಿ ಕೆಡಿಸಾಕತ್ತೀನಿ ಅನಸ್ತದ" ಎಂದು ಅತ್ತಿದ್ದೆ. ಅವನು ಸಮಾಧಾನ ಮಾಡಿದ. "ಇರ್ಲಿ ಬಿಡು, ಕಲಿತಿ" ಅಂದ.

ಅಣ್ಣ ಇರುವುದು ಹೊನವಾಡದಲ್ಲಿ, ದ್ರಾಕ್ಷಿ ತೋಟದ ಮನೆಯಲ್ಲಿ. ಕಳೆದ ವರ್ಷ ಅವನ ಬಸುರಿ ಮಗಳ ಕುಬಸದ ಕಾರ್ಯ ಇತ್ತು. ಗಂಡನಿಗೆ ರಜೆ ಸಿಗಲಿಲ್ಲ. ನಮ್ಮ ಮನೆಯಲ್ಲೇ ಇದ್ದ ಅವ್ವನನ್ನು ಕೂರಿಸಿಕೊಂಡು ನಾನೇ ಹೊರಟೆ. ಟಿಕೋಟಾ ಹತ್ತಿರ ಬರುವಷ್ಟರಲ್ಲಿ ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು. ಹಿಂದಿನ ದಿನವಷ್ಟೇ ಹವಾ ಹೊಡೆಸಿದ್ದೆ. ಮೆಲ್ಲಗೆ ಉರುಳಿಸಿಕೊಂಡು ಹೋಗಿ ರಸ್ತೆ ಪಕ್ಕದ ಟಾಯರ್ ಅಂಗಡಿಯ ಮುಂದೆ ನಿಲ್ಲಿಸಿದೆ.

ಅಂಗಡಿಯವನು ಗಾಡಿ ನೋಡಿದವನೇ ಗುರುತು ಹಿಡಿದ. "ಇದು ಹೊನವಾಡ ಅಣ್ಣಾರ ಗಾಡಿ ಅಲ್ರಿ?"

"ಹೌದು, ಈಗ ನನ್ನ ಹತ್ರ ಐತಿ," ಅಂದೆ. ತಂಗಿ ಎಂದು ಹೇಳಲಿಲ್ಲ. ಹೇಳಿದ್ದರೆ ಅವನು ಮುಂದಿನ ಮಾತು ಆಡುತ್ತಿರಲಿಲ್ಲವೇನೋ.

ಜಾಕ್ ಕೊಟ್ಟು ಗಾಲಿ ಬಿಚ್ಚಿದ. ಮಷಿನ್ನಿಗೆ ಹಾಕಿ ಟಾಯರ್ ಕಿತ್ತು, ಟಾಯರ್ ಕೂರುವ ಕಬ್ಬಿಣದ ಡಿಸ್ಕನ್ನು ನೆಲದ ಮೇಲೆ ಒಗೆದ. ಅದರ ಒಳಮೈಗೆ ಕಪ್ಪು ಪೇಂಟು ಬಳಿದಿತ್ತು. ಪೇಂಟಿನ ಕೆಳಗೆ ದಪ್ಪ ವೆಲ್ಡಿಂಗ್ ಗೆರೆ, ಅದರ ನಡುವೆ ಕೂದಲೆಳೆಯಂಥ ಬಿರುಕು.

"ಮತ್ತ ಬಾಯಿ ಬಿಟ್ಟೈತಿ ನೋಡ್ರಿ," ಅಂದ.

"ಮತ್ತ ಅಂದ್ರ?"

"ಮೊದಲ ಸೀಳಿತ್ರಿ ಇದು. ಅಣ್ಣಾರು ಗಾಡೀನ ಹಳ್ಳದ ಸಿಡಿ ಗ್ವಾಡಿಗೆ ಹೊಡಸಿದ್ರು. ವೆಲ್ಡಿಂಗ್ ಮಾಡಿಸಿಕೊಂಡು ತಂದ್ರು, ನಾನ ಟಾಯರ್ ಏರಿಸಿ ಕೊಟ್ಟೆ. ಇದು ಹವಾ ಹಿಡಿಯಂಗಿಲ್ರಿ, ಹೊಸಾ ಡಿಸ್ಕ ಹಾಕ್ರಿ ಅಂದ್ನಿ. ಕೊಡೋ ಗಾಡಿ ಐತಿ, ಇಷ್ಟ ಸಾಕು ಅಂದ್ರು."

ಸ್ಟೂಲಿನ ಮೇಲೆ ಕುಳಿತಿದ್ದ ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಅಂಗಡಿಯವನಿಗೆ ಏನು ಹೊಳೆಯಿತೋ, ಮಾತು ನಿಲ್ಲಿಸಿ ಒಳಗೆ ಹೋದ. ಸ್ಟೆಪ್ನಿ ಹಾಕಿ ಮುಗಿಸುವವರೆಗೂ ಮತ್ತೆ ನನ್ನ ಮುಖ ನೋಡಲಿಲ್ಲ.

ಗಾಡಿ ಹೊರಟ ಮೇಲೆ ಅವ್ವ ಅಂದಳು: "ಅವಂಗ ಹೇಳೋದು ನೆನಪ ಹಾರಿರಬೇಕು ಬೇ."

ಆ ರಸ್ತೆಯಲ್ಲಿ ಅವ್ವನ ಬಗ್ಗೆಯೂ ಸಿಟ್ಟು ಬಂತು. ಗಾಲಿ ಸೀಳಿದ್ದರೆ ಅವಳೂ ಇದೇ ಗಾಡಿಯಲ್ಲಿ ಇರುತ್ತಿದ್ದಳು.

ಹೊನವಾಡದಲ್ಲಿ ಪೆಂಡಾಲು ತುಂಬಿತ್ತು, ಹೋಳಿಗೆಯ ವಾಸನೆ ಬರುತ್ತಿತ್ತು. ಅಣ್ಣ ಒಣದ್ರಾಕ್ಷಿ ಶೆಡ್ಡಿನ ಹತ್ತಿರ ಯಾರಿಗೋ ಫೋನ್ ಮಾಡುತ್ತ ನಿಂತಿದ್ದ. ಮುಗಿಸುವವರೆಗೆ ಕಾದು ಕೇಳಿದೆ: "ಅಣ್ಣಾ, ಡಿಸ್ಕ ಸೀಳಿದ್ದು ನಿನಗ ಗೊತ್ತಿತ್ತಲ್ಲ?"

ಅವನು ಮೊದಲು ಕೇಳಿದ್ದು, "ಯಾರ ಹೇಳಿದ್ರು?"

ಅಷ್ಟರಲ್ಲೇ ನನಗೆ ಉತ್ತರ ಸಿಕ್ಕಿತ್ತು. ಆದರೂ ನಿಂತೆ.

"ಸಣ್ಣ ವೆಲ್ಡಿಂಗ್ ಅದು. ಹಳೇ ಗಾಡಿ ಅಂದ ಮ್ಯಾಲ ಇರೂದ," ಅಂದ.

"ನನಗ ಹೊಡಿಯಾಕ ಬರೂದಿಲ್ಲ ಅಂದ್ಯಲ್ಲ. ನಾ ಅತ್ತೆ. ಅವಾಗನೂ ಹೇಳಲಿಲ್ಲ."

ಅವನು ಪೆಂಡಾಲಿನ ಕಡೆ ನೋಡಿದ. "ಹುಷಾರಾಗಿ ಹೊಡೀಲಿ ಅಂತ ಅಂದೆ, ತಪ್ಪೇನೈತಿ? ಈಗ ಮಂದಿ ಮುಂದ ಇದನ್ನ ತಗೀಬ್ಯಾಡ. ಬೀಗರು ಬಂದಾರ."

ನಾನು ತೆಗೆಯಲಿಲ್ಲ. ಒಳಗೆ ಹೋಗಿ ಅವನ ಮಗಳಿಗೆ ಬಳೆ ತೊಡಿಸಿದೆ, ಆರತಿ ಮಾಡಿದೆ. ಅಣ್ಣನ ಹೆಂಡತಿ ಹೋಳಿಗೆ ಬಡಿಸುತ್ತ, "ಆ ಡಿಸ್ಕ ಮತ್ತ ಬಾಯಿ ಬಿಟ್ಟತಂತಲ್ಲ?" ಎಂದು ಕೇಳಿ, ತುಪ್ಪ ಹಾಕಿ, ಕಣ್ಣು ತಪ್ಪಿಸಿ ಮುಂದಿನ ಎಲೆಗೆ ಹೋದರು. ಅವರಿಗೂ ಗೊತ್ತಿತ್ತು. ಆ ಮನೆಯವರಿಗೆಲ್ಲ ಗೊತ್ತಿದ್ದದ್ದು ನನಗೆ ಮಾತ್ರ ಗೊತ್ತಿರಲಿಲ್ಲ.

ಮರುದಿನ ವಿಜಯಪುರದಲ್ಲಿ ಹೊಸ ಡಿಸ್ಕ್ ಹಾಕಿಸಿದೆ. ಗಾಲಿ ಅಂದಿನಿಂದ ಕುಗ್ಗಿಲ್ಲ. ನನ್ನ ಕೈಯೇನೂ ಒಂದೇ ದಿನಕ್ಕೆ ಸುಧಾರಿಸಲಿಲ್ಲ. ತೆಗ್ಗು ಕಂಡರೆ ಬೆಚ್ಚುವುದು ಹೋಗಲು ಬಹಳ ತಿಂಗಳು ಹಿಡಿಯಿತು. ಕನ್ನಡ ಟೀಚರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಈಗ ಮತ್ತೆ ನನ್ನ ಜೊತೆ ಬರುತ್ತಾರೆ.

ಈ ಸಲ ನಾಗರ ಪಂಚಮಿಗೆ ಅಣ್ಣ ಎಂದಿನಂತೆ ತವರಿಗೆ ಕರೆಯಲು ಬಂದ. ಅವ್ವನನ್ನು ಅವನ ಜೊತೆ ಕಳಿಸಿ, ನಾನು ಮರುದಿನ ನನ್ನ ಗಾಡಿಯಲ್ಲೇ ಹೋದೆ. ಉಂಡಿ ತಿಂದು, ಚಹಾ ಕುಡಿಯುವಾಗ ಅವನು ದನಿ ತಗ್ಗಿಸಿ ಕೇಳಿದ: "ಇನ್ನೂ ಅದನ್ನ ಮನಸಿನ್ಯಾಗ ಇಟಗೊಂಡಿ ಏನು?"

"ಇಲ್ಲ ಅಣ್ಣಾ," ಅಂದೆ.

ಅವನ ಮುಖ ಹಗುರಾಯಿತು. ನಾನು ಹೇಳಿದ್ದನ್ನು ಅವನು ನಂಬಿದ.