ಹದಿನಾರು ಪಿಟೀಲು, ಎರಡೇ ಕಂಪ್ಯೂಟರು

ಶಿರಸಿಯಲ್ಲಿ ನನ್ನದೊಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಭಜನೆ, ಶಾಲೆಯ ಸ್ವಾಗತಗೀತೆ, ನೃತ್ಯದ ಹಾಡು, ಯಾರು ಏನು ತಂದರೂ ಬೇಡ ಎಂದವನಲ್ಲ. ಕಳೆದ ವರ್ಷ ಬಹಳ ಆಸೆಪಟ್ಟು ವಿದೇಶದ ಒಂದು ವಾದ್ಯವೃಂದದ ಲೈಬ್ರರಿ ತರಿಸಿಕೊಂಡೆ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಎಲ್ಲೋ ದೂರದ ಸಭಾಂಗಣದಲ್ಲಿ ಹದಿನಾರು ಜನ ಪಿಟೀಲಿನವರು ಒಟ್ಟಿಗೆ ಕೂತು, ಒಂದೊಂದೇ ಸ್ವರವನ್ನು ಮೆತ್ತಗೆ, ಜೋರಾಗಿ, ಎಳೆದು, ತುಂಡರಿಸಿ ಬಾರಿಸಿ ಮುದ್ರಿಸಿಟ್ಟಿರುತ್ತಾರೆ. ನಾನು ಇಲ್ಲಿ ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಅವರು ಅಲ್ಲಿ ಬಾರಿಸಿದ್ದು ಕೇಳುತ್ತದೆ. ಡೌನ್‌ಲೋಡ್ ಆಗುವುದಕ್ಕೇ ನಾಲ್ಕು ದಿನ ಹಿಡಿಯಿತು. ಮೊದಲ ಸ್ವರ ಒತ್ತಿದಾಗ ಮೈ ಜುಮ್ಮೆಂದಿತು. ಸ್ವರಕ್ಕಿಂತ ಒಂದು ಕ್ಷಣ ಮೊದಲು ಯಾರೋ ಉಸಿರೆಳೆದುಕೊಂಡದ್ದೂ ಕೇಳುತ್ತಿತ್ತು. ಇಪ್ಪತ್ತು ವರ್ಷ ಇದೇ ಕಸುಬಿನಲ್ಲಿದ್ದವನು, ಕುರ್ಚಿಯಲ್ಲಿ ನೆಟ್ಟಗಾಗಿ ಕೂತೆ.

ಲೈಸೆನ್ಸಿನ ಕಥೆ ಬೇರೆ. ಒಬ್ಬನಿಗೆ ಏಕಕಾಲಕ್ಕೆ ಎರಡು ಕಂಪ್ಯೂಟರು, ಅಷ್ಟೇ. ನನ್ನಲ್ಲಿರುವುದು ಮೂರು. ತಂತಿವಾದ್ಯಗಳ ಭಾರ ಹೊರುವುದಕ್ಕೇ ಒಂದು, ಉಳಿದ ಕೆಲಸಕ್ಕೆ ಒಂದು, ತಿರುಗಾಟಕ್ಕೆ ಲ್ಯಾಪ್‌ಟಾಪು. ಮೂರನೆಯದರಲ್ಲಿ ಬೇಕೆಂದರೆ ಮೊದಲಿನ ಎರಡರಲ್ಲಿ ಒಂದನ್ನು ಲೈಸೆನ್ಸಿನಿಂದ ಬಿಡಿಸಬೇಕು. ಈ ನಿಯಮ ಓದಿ ನಾನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಹೆಂಡತಿ ಒಳಗಿನಿಂದಲೇ, "ಯಾರ ಸಂತಿಗೆ ಜಗಳ?" ಎಂದು ಕೇಳಿದಳು.

ನಿಜವಾಗಿ ನನ್ನನ್ನು ಕಾಡುತ್ತಿದ್ದ ಅಳುಕು ಇನ್ನೊಂದು. ಸಿದ್ದಾಪುರದಲ್ಲಿ ಒಬ್ಬರು ಮಾಸ್ತರಿದ್ದಾರೆ. ನನ್ನ ಸ್ಟುಡಿಯೋದಲ್ಲಿ ಪಿಟೀಲೆಂದರೆ ಅವರೇ. ಹಾರ್ಮೋನಿಯಂ ಬಾರಿಸುವವರು ನಮ್ಮ ಕಡೆ ಊರಿಗೆ ನಾಲ್ವರು ಸಿಕ್ಕಾರು. ಪಿಟೀಲು ಬೇಕಾದರೆ ಯಲ್ಲಾಪುರದವರೂ ಇವರಿಗೇ ಹೇಳಿ ಕಳಿಸುತ್ತಿದ್ದರು. ಎರಡು ವರ್ಷದಿಂದ ಅವರ ಎಡಗೈ ಬೆರಳು ನಡುಗುತ್ತಿದೆ. ನಾನೂ ಕರೆಯುವುದನ್ನು ನಿಲ್ಲಿಸಿದ್ದೆ. ಈಗ ಹದಿನಾರು ಮಂದಿಯನ್ನು ತರಿಸಿಕೊಂಡಿದ್ದೇನೆ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಸುದ್ದಿ ಹೇಗೋ ಮುಟ್ಟಿತು. ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ಹದಿನಾರು ಪಿಟೀಲು ಒಟ್ಟಿಗೆ ಕೇಳ್ತಡ, ಹೌದನ ತಮಾ? ಯಂಗೂ ಕೇಳ್ಸು. ಜೀವಮಾನದಲ್ಲಿ ಆನು ಇನ್ನೊಂದು ಪಿಟೀಲಿನ ಪಕ್ಕ ಕೂತಿದ್ದೇ ಇಲ್ಲೆ."

ತಮಗೂ ಕೇಳಿಸು ಎಂದ ಆ ಮಾತಿನಲ್ಲಿ ಕೊಂಕಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಲ್ಯಾಪ್‌ಟಾಪು, ಸ್ಪೀಕರು, ಮೈಕಿನ ಚೀಲ ಹೊತ್ತು ಸಿದ್ದಾಪುರಕ್ಕೆ ಹೋದೆ. ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಂಗೀತ ಕಛೇರಿಗೆ ಹೊರಟವರ ಹಾಗೆ ಕೂತಿದ್ದರು. ಎಲ್ಲ ಜೋಡಿಸಿ ಒತ್ತಿದೆ. ಸದ್ದಿಲ್ಲ. ಎರಡು ಕಂಪ್ಯೂಟರು ಆಗಲೇ ಭರ್ತಿಯಾಗಿವೆ ಎಂದು ಪರದೆ ಹೇಳಿತು. ಶಿರಸಿಯ ಒಂದನ್ನು ಬಿಡಿಸಿ ಬರುವುದನ್ನೇ ಮರೆತಿದ್ದೆ. ಹೆಂಡತಿಗೆ ಫೋನ್ ಮಾಡಿ ಎಲ್ಲಿ ಒತ್ತಬೇಕೆಂದು ಹೇಳಿಕೊಟ್ಟೆ. ಎರಡು ಸಲ ತಪ್ಪಾಯಿತು. ನಾನು ರೇಗಿದೆ, ಅವಳು ಫೋನ್ ಇಡುತ್ತೇನೆಂದಳು, ತಪ್ಪಾಯ್ತು ಮಾರಾಯ್ತಿ ಎಂದೆ. ಕೊನೆಗೆ ಅವಳು ಅಲ್ಲಿ ಬಿಡಿಸಿದಳು, ಇಲ್ಲಿ ಹದಿನಾರು ಪಿಟೀಲು ಒಮ್ಮೆಲೇ ದನಿ ತೆಗೆದವು. ಗಂಟೆ ದಾರಿಯಾಚೆ ಒಂದು ಬೆರಳು ಒತ್ತಿದ್ದಕ್ಕೆ ಇಷ್ಟೆಲ್ಲ ಆಯಿತೆಂದರೆ ನನಗೇ ನಂಬಿಕೆ ಬರಲಿಲ್ಲ.

ಮಾಸ್ತರು ಇನ್ನೊಮ್ಮೆ ಒತ್ತು ಎಂದು ಕೈಸನ್ನೆ ಮಾಡಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಕೇಳಿದರು:

"ಇವು ಹಾಡು ಬಾರ್ಸಿದ್ದಲ್ದಾ? ಬರೀ ಒಂದೊಂದು ಸ್ವರವಾ?"

"ಹೌದು ಮಾಸ್ತರೇ. ಒಂದು ಸಲಕ್ಕೆ ಒಂದೇ ಸ್ವರ."

"ಅಷ್ಟಾದ್ರೆ ಯಂಗೂ ಬತ್ತು."

ಎದ್ದು ಹೋಗಿ ಪೆಟ್ಟಿಗೆಯಿಂದ ಪಿಟೀಲು ತಂದರು. ತಂತಿಯನ್ನು ಬೆರಳಿನಿಂದ ಒತ್ತದೆ, ಬಿಟ್ಟ ತಂತಿಯಲ್ಲೇ ಬಾರಿಸಿದರೆ ಎಡಗೈಯ ಹಂಗಿಲ್ಲ. ಕಮಾನು ಹಿಡಿಯುವ ಬಲಗೈ ಇನ್ನೂ ಗಟ್ಟಿಯಿತ್ತು. ಆ ಹದಿನಾರು ಜನರ ಶ್ರುತಿಗೆ ತಮ್ಮ ತಂತಿಯನ್ನು ಹೊಂದಿಸಿಕೊಂಡರು. ನಾನು ಮೈಕಿಟ್ಟೆ. ಕಮಾನಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸ್ವರ ಎಳೆದರು. ಸಾಲದೆಂದು ಮತ್ತೆ ಎಳೆದರು. ಹನ್ನೊಂದು ಸಲ ಎಳೆದರು. ಅವರು ಬಾರಿಸಿದ ಎಂಥೆಂಥ ತಾನಗಳನ್ನೋ ಮುದ್ರಿಸಿಕೊಂಡವನು ನಾನು. ಆದರೆ ಇಷ್ಟು ಬೆರಗಿನಿಂದ ಅವರನ್ನು ಎಂದೂ ಕೇಳಿರಲಿಲ್ಲ.

ಹನ್ನೊಂದನೆಯದನ್ನು ಹದಿನಾರರ ನಡುವೆ ಸೇರಿಸಿ ಒತ್ತಿದೆ. ಮಾಸ್ತರು ಸ್ಪೀಕರಿನತ್ತ ಬಾಗಿದರು.

"ಇದ್ರಲ್ಲಿ ಯಂದು ಯಾವ್ದು?"

ಕಣ್ಣು ಮುಚ್ಚಿ ಹುಡುಕಿದೆ. ಅವರ ಕಮಾನನ್ನು ಸಂತೆಯ ಗದ್ದಲದಲ್ಲೂ ಗುರುತಿಸುವವನು ನಾನು. ಸಿಗಲಿಲ್ಲ. ಮತ್ತೆ ಹಾಕಿದೆ, ಆಗಲೂ ಸಿಗಲಿಲ್ಲ. ಒಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು.

"ಗೊತ್ತಾಗ್ತಾ ಇಲ್ಲೆ ಮಾಸ್ತರೇ," ಎಂದೆ, ತಲೆ ಎತ್ತದೆ.

ಅವರು ಜೋರಾಗಿ ನಕ್ಕರು. ಅಷ್ಟು ಸಂತೋಷದ ನಗುವನ್ನು ಅವರಲ್ಲಿ ನಾನು ಕಂಡಿರಲಿಲ್ಲ.

"ಹಂಗಾರೆ ಅವು ಯನ್ನ ಸೇರ್ಸ್ಕಂಡ್ವಲ ಮಾರಾಯಾ!"