ತಮ್ಮನಿಗೆ ಹೇಳಿಕೊಟ್ಟ ಗಾಳಿ

ಟ್ರ್ಯಾಕಿನವರು ಆ ಅಣ್ಣತಮ್ಮಂದಿರನ್ನು ದೊಡ್ಡವನು, ಚಿಕ್ಕವನು ಎಂದೇ ಕರೆಯುತ್ತಿದ್ದರು. ಇಬ್ಬರೂ ಒಬ್ಬನೇ ಮಾಲೀಕನ ಎರಡು ಕಾರುಗಳನ್ನು ರೇಸಿನಲ್ಲಿ ಓಡಿಸುವವರು. ರೇಸ್ ಡ್ರೈವರ್ ಎಂದೊಡನೆ ಕ್ಯಾಮೆರಾ, ಕಪ್ಪು ಕನ್ನಡಕ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ದೊಡ್ಡವನು ವಾರವಿಡೀ ಡ್ರೈವಿಂಗ್ ಸ್ಕೂಲಿನ ಡಕೋಟಾ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್ ನಿಧಾನವಾಗಿ ಬಿಡಿ" ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುವವನು. ಸೈಕಲ್ಲಿನವರು ಕೂಡ ಅವನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಆ ಅವಮಾನವನ್ನೆಲ್ಲ ಅವನು ರೇಸಿನ ದಿನಗಳ ಆಸೆಯಲ್ಲಿ ನುಂಗಿಕೊಳ್ಳುತ್ತಿದ್ದ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. "ಇನ್ನು ಸಾಕು ಮಾಡ್ರೀ" ಎನ್ನುವುದನ್ನು ಹೆಂಡತಿಯೂ ಬಿಟ್ಟಿದ್ದಳು. ಗೋಡೆಗೆ ಹೇಳಿ ಯಾರು ತಾನೇ ಬಾಯಿ ನೋಯಿಸಿಕೊಳ್ಳುತ್ತಾರೆ?

ಚಿಕ್ಕವನು ಅವನಿಗಿಂತ ಬಹಳ ವರ್ಷ ಕಿರಿಯ. ಅಪ್ಪ ಬೇಗ ಹೋದದ್ದರಿಂದ ಅಣ್ಣನೇ ಅವನಿಗೆ ಅಪ್ಪನಾಗಿದ್ದ. ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿಸಿದವನೂ ಅವನೇ, ಕೈಹಿಡಿದು ಟ್ರ್ಯಾಕಿಗೆ ಕರೆತಂದವನೂ ಅವನೇ. ಕಲಿಸುವುದೇನೋ ಮನಸಾರೆ ಕಲಿಸಿದ. ಹುಡುಗ ತನ್ನನ್ನೇ ಮೀರಿಸುವಷ್ಟು ಕಲಿತುಬಿಟ್ಟಾನು ಎಂದು ಮಾತ್ರ ಎಣಿಸಿರಲಿಲ್ಲ.

ಆ ಶುಕ್ರವಾರ ಮಾಲೀಕ ಇಬ್ಬರನ್ನೂ ಶೆಡ್ಡಿಗೆ ಕರೆದು, ಬರುವ ವರ್ಷ ತಾನು ಒಂದೇ ಕಾರು ಇಳಿಸುವುದೆಂದು ಹೇಳಿದ. ಭಾನುವಾರದ ರೇಸಿನಲ್ಲಿ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಸೀಟು ಅವರದು. ಅಷ್ಟು ಹೇಳಿ, ಹವಾಮಾನ ಹೇಳಿದವನ ಹಾಗೆ ಚಹಾ ಕುಡಿಯಲು ಹೊರಟುಹೋದ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಿಕ್ಕವನು ಸುಮ್ಮನೆ ಒಂದು ಸ್ಪ್ಯಾನರ್ ಎತ್ತಿ ಮತ್ತೆ ಅಲ್ಲೇ ಇಟ್ಟ.

ಆ ರೇಸಿನಲ್ಲಿ ಎಲ್ಲರಿಗೂ ಒಂದೇ ಥರದ ಕಾರು, ಒಂದೇ ಥರದ ಟೈರು. ಬಿಸಿಲಿಗೂ ಅದೇ, ಮಳೆಗೂ ಅದೇ. ಎಂಜಿನ್ನಿಗೆ ಸೀಲು ಹಾಕಿರುತ್ತಿದ್ದರು. ಡ್ರೈವರನ ಕೈಯಲ್ಲಿ ಉಳಿಯುವುದು ಟೈರಿಗೆ ಎಷ್ಟು ಗಾಳಿ ಎಂಬುದೊಂದೇ. ಹಾಗಾಗಿ ಗಾಳಿಯನ್ನು ಡ್ರೈವರುಗಳು ತಾವೇ, ಬೆನ್ನು ಅಡ್ಡ ಮಾಡಿಕೊಂಡು, ಗಾಳಿ ಅಳೆಯುವ ಗೇಜನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹಾಕುತ್ತಿದ್ದರು. ಇನ್ನೊಬ್ಬನ ಗಾಳಿ ಎಷ್ಟೆಂದು ಕೇಳುವುದು ಅಲ್ಲಿ ಮರ್ಯಾದೆಗೆಟ್ಟ ಕೆಲಸ. ಮೆಕ್ಯಾನಿಕ್ ಕೂಡ ಆ ಹೊತ್ತಿಗೆ ಬೇರೆ ಕಡೆ ತಿರುಗಿ ನಿಲ್ಲುತ್ತಿದ್ದ. ಚಿಕ್ಕವನೊಬ್ಬ ಮಾತ್ರ ತನ್ನ ಮೊದಲ ರೇಸಿನಿಂದಲೂ ಅಣ್ಣನನ್ನು ಕೇಳಿಯೇ ಹಾಕುತ್ತಿದ್ದ. ಅಣ್ಣನೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ.

ಶನಿವಾರ ದೊಡ್ಡವನ ಪಾಲಿಗೆ ಕೆಟ್ಟ ದಿನ. ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಓಟದಲ್ಲಿ ಬ್ರೇಕು ತಡವಾಗಿ ಒತ್ತಿ ಟ್ರ್ಯಾಕಿನಂಚಿನ ಮರಳಿಗೆ ಹೋದ, ತಮ್ಮನಿಗಿಂತ ಎರಡು ಸಾಲು ಹಿಂದೆ ಬಿದ್ದ. ಸಂಜೆಯ ಅಭ್ಯಾಸದಲ್ಲಿ ಮಾತ್ರ ಅವನಿಗೊಂದು ಗುಟ್ಟು ಸಿಕ್ಕಿತು. ಗಾಳಿ ಇಳಿಸಿದರೆ ಕಾರು ಆ ಉದ್ದನೆಯ ಬಲತಿರುವಿನಲ್ಲಿ ನೆಲಕ್ಕೆ ಅಂಟಿಕೊಂಡೇ ಹೋಗುತ್ತಿತ್ತು. ಯಾರಿಗೂ ಬಾಯಿ ಬಿಡಲಿಲ್ಲ.

ಭಾನುವಾರ ಅವನು ಟೈರಿಗೆ ಇಪ್ಪತ್ತಾರು ಪೌಂಡು ಗಾಳಿ ಹಾಕಿ ಮುಚ್ಚಳ ತಿರುಗಿಸುತ್ತಿದ್ದಾಗ ಚಿಕ್ಕವನು ಹಿಂದೆ ಬಂದು ನಿಂತ.

"ಅಣ್ಣ, ಇವತ್ತು ಎಷ್ಟು ಹಾಕ್ಲಿ?"

ದೊಡ್ಡವನು ತಲೆ ಎತ್ತಲಿಲ್ಲ. "ಮೂವತ್ನಾಲ್ಕು."

"ಅಷ್ಟೊಂದಾ?"

"ಹಾಕು ಅಂದ್ರೆ ಹಾಕು."

ಚಿಕ್ಕವನು ಹೋಗಿ ಅಷ್ಟೇ ಹಾಕಿದ. ಅಷ್ಟು ಗಾಳಿಗೆ ಕಾರು ಜಾರುತ್ತದೆ, ಹಿಂದೆ ಬೀಳುತ್ತಾನೆ, ಅಷ್ಟೇ ತಾನೇ, ಕೈಕಾಲೇನೂ ಮುರಿಯುವುದಿಲ್ಲ ಎಂದು ದೊಡ್ಡವನು ತನಗೆ ತಾನೇ ವಾದಿಸಿಕೊಂಡ. ಅವನಿಗೆ ಇನ್ನೂ ಎಷ್ಟೋ ವರ್ಷಗಳಿವೆ, ನನಗಿರುವುದು ಇದೊಂದೇ ಎಂದೂ ಸೇರಿಸಿದ. ಬೇಕಾದಾಗ ಮನುಷ್ಯ ಎಂಥ ವಕೀಲನಾಗಿಬಿಡುತ್ತಾನೆ ನೋಡಿ!

ರೇಸಿನ ಮೊದಲರ್ಧ ಅವನು ಎಣಿಸಿದಂತೆಯೇ ನಡೆಯಿತು. ಚಿಕ್ಕವನ ಕಾರು ತಿರುವು ತಿರುವಿನಲ್ಲೂ ಜಾರಿತು. ದೊಡ್ಡವನು ಅವನನ್ನು ದಾಟಿದ. ಮುಂದಿನ ಸುತ್ತಿನಲ್ಲಿ ಕನ್ನಡಿಯಲ್ಲಿ ಕಂಡದ್ದು ತಮ್ಮನ ಕಾರು ಅಡ್ಡಡ್ಡಲಾಗಿ ಗೋಡೆಯ ಕಡೆ ಸರಿಯುತ್ತಿದ್ದುದು. ಕಾರು ಗೋಡೆಗೆ ತಾಗದೆ ಹೇಗೋ ನೆಟ್ಟಗಾಯಿತು. ಬದುಕಿದೆಯಾ ಮಗನೇ ಎಂದುಕೊಂಡ. ಅದರ ಬೆನ್ನಲ್ಲೇ, ಇನ್ನಷ್ಟು ಹಿಂದೆ ಬಿದ್ದ ಎಂಬ ಖುಷಿಯೂ ನುಗ್ಗಿ ಬಂತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು, ಆದರೂ ಕಾಲು ಆಕ್ಸಿಲರೇಟರ್ ಬಿಡಲಿಲ್ಲ.

ಆಗ ಮಳೆ ಬಂತು. ತುಂತುರಲ್ಲ, ಕೊಡದಲ್ಲಿ ಸುರಿದ ಹಾಗೆ. ಗಾಳಿ ಹೆಚ್ಚಿದ್ದ ಗಟ್ಟಿ ಟೈರುಗಳು ನೀರನ್ನು ಸೀಳಿ ನೆಲ ಹಿಡಿದವು. ದೊಡ್ಡವನ ಮೆತ್ತನೆಯ ಟೈರುಗಳು ನೀರಿನ ಮೇಲೆ ತೇಲಿದವು. ಅವನು ನೆಚ್ಚಿಕೊಂಡಿದ್ದ ಅದೇ ಬಲತಿರುವಿನಲ್ಲಿ ಕಾರು ಅವನ ಮಾತು ಕೇಳದೆ ಹುಲ್ಲಿಗೆ ಇಳಿಯಿತು. ಮತ್ತೆ ರಸ್ತೆಗೆ ಬರುವಷ್ಟರಲ್ಲಿ ಚಿಕ್ಕವನು ಪಕ್ಕದಲ್ಲೇ ನೀರೆರಚಿಕೊಂಡು ಹೋದ. ಎಷ್ಟು ಹಲ್ಲು ಕಚ್ಚಿದರೂ ತಮ್ಮನ ಕಾರಿನ ಹಿಂದಿನ ದೀಪ ಹತ್ತಿರವಾಗಲಿಲ್ಲ. ಚಿಕ್ಕವನು ಮೂರನೆಯವನಾಗಿ ಬಂದ. ದೊಡ್ಡವನು ಎಷ್ಟನೆಯವನೆಂದು ಯಾರೂ ಕೇಳಲಿಲ್ಲ.

ಶೆಡ್ಡಿನಲ್ಲಿ ಚಿಕ್ಕವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ: ಗಾಳಿ ಅಣ್ಣ ಹೇಳಿದ್ದು, ನಾನು ಹೆದರಿದ್ದೆ, ಅಣ್ಣ ಗದರಿಸಿ ಹಾಕಿಸಿದ. ಎದುರಾಳಿ ತಂಡದವರು ಕೂಡ ಬಂದು ದೊಡ್ಡವನ ಕೈ ಕುಲುಕಿದರು. ಮಾಲೀಕನಂತೂ ಹೆಗಲ ಮೇಲೆ ಕೈಹಾಕಿ, "ಓಡಿಸೋದು ಇನ್ನು ಸಾಕಪ್ಪ. ಬರೋ ವರ್ಷದಿಂದ ತಮ್ಮನ ಕಾರು ನೀನೇ ನೋಡ್ಕೋ," ಎಂದ. ಅವನಿಗದು ದೊಡ್ಡ ಮನಸ್ಸು ಮಾಡಿ ಕೊಟ್ಟ ಬಹುಮಾನ. ದೊಡ್ಡವನಿಗೆ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಹುಳ್ಳಗೆ ನಕ್ಕ.

ಜನ ಚದುರಿದ ಮೇಲೆ ಅವನು ಕಾರಿನ ಪಕ್ಕ ಕೂತು ಬೂಟಿನ ಕೆಸರು ಕೆರೆಯುತ್ತಿದ್ದ. ಚಿಕ್ಕವನು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಕೈಯಲ್ಲಿ ಗೇಜ್ ಇತ್ತು.

"ಅಣ್ಣ, ನಿನ್ ಟೈರ್ ನೋಡ್ದೆ. ನೀನು ಗಾಳಿ ಕಮ್ಮಿ ಹಾಕಿದ್ದೆ."

ದೊಡ್ಡವನ ಕೈ ನಿಂತಿತು. ಸಿಕ್ಕಿಬಿದ್ದೆ ಎಂದುಕೊಂಡ. ವಿಚಿತ್ರವೆಂದರೆ ಮನಸ್ಸು ಹಗುರವೂ ಆಯಿತು. ಬೈಯಲಿ, ಬೇಕಾದರೆ ಕೆನ್ನೆಗೆ ಬಾರಿಸಲಿ, ಇಲ್ಲಿಗೆ ಮುಗಿದುಹೋಗಲಿ.

"ಮಳೆ ಬರುತ್ತೆ ಅಂತ ನಿಂಗೆ ಗೊತ್ತಿತ್ತು," ಎಂದ ಚಿಕ್ಕವನು. "ಒಳ್ಳೇದನ್ನ ನಂಗೆ ಹೇಳಿ, ನೀನು ಬೇಕಂತ್ಲೇ ಸೋತೆ. ಅಲ್ವಾ?"

ಇಲ್ಲ ಎನ್ನಲು ದೊಡ್ಡವನು ಬಾಯಿ ತೆರೆದ. ತಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಚಿಕ್ಕಂದಿನಿಂದಲೂ ಅವನು ಅಣ್ಣನನ್ನು ನೋಡುತ್ತಿದ್ದದ್ದು ಹಾಗೆಯೇ.

"ನಿಂಗಿನ್ನೂ ವಯಸ್ಸಿದೆ ಕಣೋ," ಎಂದುಬಿಟ್ಟ.

ಚಿಕ್ಕವನು ಅವನನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ. "ಇನ್ಮೇಲೆ ಎಷ್ಟು, ಯಾಕೆ ಅಂತ ಕೇಳಲ್ಲ ಅಣ್ಣ. ನೀನು ಹೇಳಿದಷ್ಟು," ಎಂದ. ದೊಡ್ಡವನು ಅವನ ಬೆನ್ನು ಸವರುತ್ತಲೇ ಇದ್ದ. ಕೈ ತೆಗೆದರೆ ತಮ್ಮ ಬಿಟ್ಟು ಹಿಂದೆ ಸರಿಯುತ್ತಿದ್ದ, ಆಗ ಮುಖ ತೋರಿಸಬೇಕಾಗುತ್ತಿತ್ತು.