ಅಣ್ಣ ಕನ್ನಡ ಬಿಟ್ಟದ್ದು

ಇವತ್ತು ಅಮ್ಮನನ್ನು ನೋಡಲು ಬಂಗಾಲಿ ಟೋಲಾ ಕೇರಿಯ ಗಲ್ಲಿ ಹಾದು ಹೋಗುತ್ತಿದ್ದೆ. ಕಚೋರಿ ಕರಿಯುವ ಸಾಸಿವೆ ಎಣ್ಣೆಯ ವಾಸನೆ ಮೂಗಿಗೆ ಬಡಿದು ಅಣ್ಣನ ಕೋಪ ನೆನಪಾಯಿತು.

ಅಪ್ಪ ನಮ್ಮ ಕಡೆಯಿಂದ ಈ ಹಿಂದಿ ಊರಿಗೆ ಬಂದು ಇಲ್ಲಿನ ಮಠದಲ್ಲಿ ಅಡುಗೆಯವರಾಗಿದ್ದರು. ಅಣ್ಣ ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ನದಿಯ ಘಾಟಿನಲ್ಲಿ, ಗೆಳೆಯರೆದುರೇ ಅವನ ಕಿವಿ ಹಿಂಡಿ ಕನ್ನಡದಲ್ಲಿ ಬೈದರು. ಹುಡುಗರು ಆ ಬೈಗುಳವನ್ನು ಅಣಕಿಸಿ ನಕ್ಕರು. ಅಣ್ಣ ಅವರನ್ನು ಹೊಡೆಯಲಿಲ್ಲ, ಅಪ್ಪನಿಗೂ ಎದುರಾಡಲಿಲ್ಲ. ಅವತ್ತಿನಿಂದ ಮನೆಯಲ್ಲಿ ಹಿಂದಿ ಬಿಟ್ಟು ಬೇರೆ ಮಾತಾಡಲಿಲ್ಲ.

ಅಪ್ಪನಿಗೆ ಹಿಂದಿ ಬರುತ್ತಿತ್ತು. ಬಾರದಿದ್ದದ್ದು ಅಮ್ಮನಿಗೆ, ಅವಳ ಹಿಂದಿ ತರಕಾರಿ ಚೌಕಾಸಿಗಷ್ಟೇ ಸಾಲುತ್ತಿತ್ತು. ಅಣ್ಣ ಬಾಯಿ ತೆರೆದಾಗಲೆಲ್ಲ ನನ್ನತ್ತ ತಿರುಗಿ, "ಏನಂದ್ನೇ ಅವ್ನು?" ಎನ್ನುತ್ತಿದ್ದಳು. ನಾನು ಅರ್ಧ ಹೇಳಿ ಅರ್ಧ ನುಂಗುತ್ತಿದ್ದೆ. ಅವನು ಸಾರನ್ನ ಮುಟ್ಟದೆ ಎದ್ದುಹೋದರೆ ತಟ್ಟೆ ಮುಚ್ಚಿಟ್ಟು ಬಾಗಿಲಲ್ಲಿ ಕಾಯುತ್ತಿದ್ದಳು. ಬಂದವನ ಕೈ ಸಾಸಿವೆ ಎಣ್ಣೆ ನಾರಿದರೆ, "ಏನೋ ತಿಂದಿದಾನೆ ಬಿಡು" ಎಂದು ಒಳಗೆ ಹೋಗುತ್ತಿದ್ದಳು.

"ವಯಸ್ಸಿನ ಕೋಪ, ತಾನಾಗೇ ಇಳಿಯುತ್ತೆ," ಎನ್ನುತ್ತಿದ್ದರು ಅಪ್ಪ. ಹಾಗೆನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಇಳಿಯಿತು, ನಿಜ. ಅಪ್ಪ ತೀರಿಕೊಂಡಾಗ ಸುಡಲು ಹರಿಶ್ಚಂದ್ರ ಘಾಟಿಗೆ ಹೊತ್ತವನು ಅಣ್ಣನೇ, ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುತ್ತಿರುವವನೂ ಅವನೇ. ಆದರೆ ಕೋಪ ಇಳಿಯುವ ಹೊತ್ತಿಗೆ ಕನ್ನಡ ಅವನ ನಾಲಿಗೆಗೆ ಹತ್ತದಂತಾಗಿತ್ತು.

ಇವತ್ತು ನಾನು ಒಳಗೆ ಕಾಲಿಟ್ಟಾಗ ಅಣ್ಣ ಅಮ್ಮನ ಕಾಲು ಒತ್ತುತ್ತ, ನೋವು ಕಡಿಮೆಯಾಯಿತೇ ಎಂದು ಹಿಂದಿಯಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದ. ಅಮ್ಮ ಅವನ ಮುಖವನ್ನೇ ನೋಡುತ್ತಿದ್ದವಳು ನನ್ನತ್ತ ತಿರುಗಿದಳು.

"ಬಂದ್ಯಾ? ಏನಂತಿದಾನೆ ಕೇಳೇ ಇವ್ನು."